ಲೆಕ್ಕದಲ್ಲಿ ಹಿಂದಿ, ಮನೆಯಲ್ಲಿ ಗೋರ್ ಬೋಲಿ



ಭದ್ರಾವತಿ ಆಕಾಶವಾಣಿಯಲ್ಲಿ ಕೂತು ಭದರ್‌ವಾಹದ ಹೆಸರೆತ್ತಿದರೆ ನಾಲಗೆ ತೊದಲಿತೇನೋ ಎಂದು ನಿಮಗನ್ನಿಸಬಹುದು. ತೊದಲಿಲ್ಲ. ಜಮ್ಮು ಮತ್ತು ಕಾಶ್ಮೀರದ ದೋಡಾ ಜಿಲ್ಲೆಯಲ್ಲಿ ಹಾಗೊಂದು ಊರಿದೆ, ಸುತ್ತ ಕಣಿವೆಯಿದೆ, ಕಣಿವೆಯ ಜನಕ್ಕೆ ಭದರ್‌ವಾಹಿ ಎಂಬ ಸ್ವಂತ ಮಾತಿದೆ. 2011ರ ಜನಗಣತಿಯಲ್ಲಿ ಅದನ್ನು ತಮ್ಮ ಮಾತೃಭಾಷೆ ಎಂದು ಬರೆಸಿದವರು ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ. ಸಂಸ್ಕೃತದ ತ್ರ, ಭ್ರ ಮುಂತಾದ ಒತ್ತಕ್ಷರಗಳು ಆ ಮಾತಿನಲ್ಲಿ ಟಕಾರ ಡಕಾರಗಳಿಗೆ ಲಕಾರ ಅಂಟಿಕೊಂಡಂಥ ವಿಚಿತ್ರ ಸದ್ದುಗಳಾಗಿವೆ. ಉತ್ತರದ ಬಯಲಿನ ಹಿಂದಿಯವರಿಗೆ ಅದನ್ನು ಉಚ್ಚರಿಸುವುದೇ ಕಷ್ಟ. ಭಾಷಾವಿಜ್ಞಾನಿ ಸಿದ್ಧೇಶ್ವರ ವರ್ಮಾ ಇದೇ ಬಳಗದ ಭಲೇಸಿ ಎಂಬ ಮಾತಿನ ಮೇಲೆ 1948ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು.

ಇಷ್ಟೆಲ್ಲ ಇರುವ ಮಾತು ಜನಗಣತಿಯ ಪಟ್ಟಿಯಲ್ಲಿ ಎಲ್ಲಿದೆ ಗೊತ್ತೇ? ಹಿಂದಿಯ ಕೆಳಗೆ.

ಆ ಕಡೆಯ ಮಾತುಗಳನ್ನು ಎಲ್ಲಿ ಸೇರಿಸಬೇಕು ಎಂಬ ತಕರಾರು ಇವತ್ತಿನದಲ್ಲ. ಬ್ರಿಟಿಷರ ಕಾಲದಲ್ಲಿ ಜಾರ್ಜ್ ಗ್ರಿಯರ್‌ಸನ್ ಎಂಬ ಐಸಿಎಸ್ ಅಧಿಕಾರಿ ಭಾರತದ ಭಾಷೆಗಳ ಸರ್ವೇ ನಡೆಸಿದರು. 1903ರಿಂದ 1928ರ ತನಕ ಅದರ ಸಂಪುಟಗಳು ಹೊರಬಂದವು. ಅವರು ಭದರ್‌ವಾಹಿಯನ್ನು ಪಶ್ಚಿಮ ಪಹಾಡಿಯ ಗುಂಪಿಗೆ ಸೇರಿಸಿದರು. ಪಕ್ಕದಲ್ಲೇ ಇರುವ ಕಿಶ್ತವಾಡಿ, ಪೋಗುಲಿ, ಸಿರಾಜಿಗಳನ್ನು ಕಾಶ್ಮೀರಿಯ ಸಾಲಿಗೆ ಹಾಕಿದರು. ಸಿರಾಜಿ ಪೂರ್ತಿ ಕಾಶ್ಮೀರಿಯೂ ಅಲ್ಲ, ಪೂರ್ತಿ ಪಹಾಡಿಯೂ ಅಲ್ಲ ಎಂಬ ಅನುಮಾನ ಆಗಲೇ ಇತ್ತು. ಈಚಿನವರಲ್ಲಿ ಹಲವರು ಅದನ್ನು ಪಹಾಡಿಯ ಕಡೆಗೇ ಎಳೆಯುತ್ತಾರೆ. ಇನ್ನು ಹಿಮಾಚಲದ ಕಾಂಗಡಾ ಕಣಿವೆಯ ಕಾಂಗಡಿಯ ಕಥೆ ಕೇಳಿ. ಗ್ರಿಯರ್‌ಸನ್ ಪ್ರಕಾರ ಅದು ಡೋಗ್ರಿಯ ಒಂದು ಬಗೆ, ಡೋಗ್ರಿ ಪಂಜಾಬಿಯ ಒಂದು ಬಗೆ. ಡೋಗ್ರಿಯನ್ನು 1969ರಲ್ಲಿ ಸಾಹಿತ್ಯ ಅಕಾಡೆಮಿ ಸ್ವತಂತ್ರ ಭಾಷೆ ಎಂದು ಮಾನ್ಯ ಮಾಡಿತು, 2003ರಲ್ಲಿ ಅದು ಸಂವಿಧಾನದ ಎಂಟನೇ ಅನುಸೂಚಿಗೂ ಸೇರಿ ಪಂಜಾಬಿಯ ನೆರಳಿನಿಂದ ಹೊರಬಂತು. ಕಾಂಗಡಿ ಮಾತ್ರ 2011ರ ಲೆಕ್ಕದಲ್ಲಿ ಹಿಂದಿಯ ಕೆಳಗಿದೆ. ಇಷ್ಟು ಕಾಲವೂ ಆ ಕಣಿವೆಯ ಅಜ್ಜಿ ಮೊಮ್ಮಗಳಿಗೆ ಹೇಳುವ ಕಥೆಯ ಮಾತು ಅದೇ ಕಾಂಗಡಿ. ಬದಲಾದದ್ದು ಕಚೇರಿಯ ಕಡತ.

ಶಿವಮೊಗ್ಗದ ಗೋಪಾಳದಲ್ಲಿ ಮನೆ ಮಾಡಿಕೊಂಡಿರುವ ನನಗೆ ಹಿಮಾಲಯದ ಉಸಾಬರಿ ಯಾಕೆ ಎಂದು ನೀವು ಕೇಳುವುದು ಸಹಜ. ಉಸಾಬರಿ ನಮ್ಮ ಬೀದಿಯಲ್ಲೇ ಇದೆ.

ಗೋಪಾಳದಲ್ಲಿ ಮನೆ ಕಟ್ಟುವ ಕೆಲಸ ನಿಂತ ದಿನವೇ ಇಲ್ಲ. ಒಂದು ಸೈಟಿನಲ್ಲಿ ತಾರಸಿ ಮುಗಿಯಿತು ಅನ್ನುವಷ್ಟರಲ್ಲಿ ಪಕ್ಕದ ಸೈಟಿನಲ್ಲಿ ಪಾಯ ತೋಡುತ್ತಾರೆ. ಜಲ್ಲಿ, ಮರಳು, ಸಿಮೆಂಟು ಹೊರುವವರಲ್ಲಿ ಬಹಳ ಮಂದಿ ಸುತ್ತಲಿನ ತಾಂಡಾಗಳಿಂದ ಬರುವ ಲಂಬಾಣಿಗರು. ನಮ್ಮ ಎದುರು ಮನೆಯ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಂಗಸು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ ಮಗನಿಗೆ "ಪಾಣಿ ಲಾ" ಎಂದು ಕೂಗುತ್ತಿದ್ದರು. ಅದೇ ಬೀದಿಯಲ್ಲಿ ರಾತ್ರಿ ಸೀಟಿ ಊದಿಕೊಂಡು ಗಸ್ತು ತಿರುಗುವ ನೇಪಾಳದ ಹುಡುಗನೂ ಆ ಹೊತ್ತಿಗೆ ನೆರಳಿಗೆ ಬಂದು ಕೂತು ಊರಿಗೆ ಫೋನು ಹಚ್ಚುತ್ತಿದ್ದ. ಅವನ ಮಾತಿನಲ್ಲಿ ಮತ್ತೆ ಮತ್ತೆ "ಮ" ಎಂದರೆ ನಾನು, "ಛು" ಎಂದರೆ ಇದ್ದೇನೆ, "ಛ" ಎಂದರೆ ಇದೆ. ಈ ಹೆಂಗಸಿನ ಮಾತಿನಲ್ಲೂ ನಾನು ಎಂಬುದಕ್ಕೆ "ಮ", ಇದ್ದೇನೆ ಎಂಬುದಕ್ಕೆ "ಛು", ಇದೆ ಎಂಬುದಕ್ಕೆ "ಛ".

ನಾನು ಕುತೂಹಲ ತಾಳಲಾರದೆ ಕೇಳಿಯೇಬಿಟ್ಟೆ. "ಅಕ್ಕಾ, ಆ ಹುಡುಗನ ಮಾತು ನಿಮಗೆ ತಿಳಿಯುತ್ತಾ?"

"ಅರ್ಧಂಬರ್ಧ ತಿಳಿಯುತ್ತೆ ಸಾರ್. ಅವನೇನು ನಮ್ಮೋನಲ್ಲ."

"ನಿಮ್ಮ ಭಾಷೆ ಯಾವುದು ಅಂತ ಬರೆಸ್ತೀರಿ?"

"ಲಂಬಾಣಿ. ನಮ್ಮ ನಮ್ಮಲ್ಲಿ ಗೋರ್ ಬೋಲಿ ಅಂತೀವಿ."

"ಸರ್ಕಾರದ ಪಟ್ಟೀಲಿ ಅದು ಹಿಂದಿ ಒಳಗೆ ಬರುತ್ತೆ."

"ಹಿಂದಿ ನಂಗೆಲ್ಲಿ ಬರುತ್ತೆ ಸಾರ್? ಈ ನನ್ಮಗನಿಗೆ ಸ್ಕೂಲಲ್ಲಿ ಹಿಂದೀಲೇ ಕಮ್ಮಿ ಮಾರ್ಕ್ಸು."

ಇಡೀ ವಿವಾದಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಸರ್ಕಾರದ ಲೆಕ್ಕದಲ್ಲಿ ಹಿಂದಿ ಕುಟುಂಬದ ಹುಡುಗ, ಶಾಲೆಯಲ್ಲಿ ಹಿಂದಿಯನ್ನು ನಮ್ಮ ನಿಮ್ಮ ಮಕ್ಕಳಂತೆಯೇ ಮೂರನೇ ಭಾಷೆಯಾಗಿ ಬಾಯಿಪಾಠ ಹೊಡೆಯುತ್ತಿದ್ದಾನೆ.

ಈ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2011ರಲ್ಲಿ ದೇಶದ ಜನ ತಮ್ಮ ಮಾತೃಭಾಷೆ ಎಂದು ಬರೆಸಿದ ಹೆಸರುಗಳು ಒಟ್ಟು 19,569. ಒಂದೇ ಭಾಷೆಯ ಹೆಸರನ್ನು ಹತ್ತು ಜನ ಹತ್ತು ಥರ ಬರೆಸಿರುತ್ತಾರಲ್ಲ, ಅವನ್ನೆಲ್ಲ ಸೋಸಿ 1,369 ಮಾತೃಭಾಷೆಗಳೆಂದು ಗುರುತಿಸಿದರು. ಗುರುತು ಹತ್ತದ 1,474 ಹೆಸರುಗಳು "ಇತರೆ" ಎಂಬ ಲೆಕ್ಕಕ್ಕೆ ಹೋದವು. ಸೋಸಿದವುಗಳಲ್ಲಿ ಹತ್ತು ಸಾವಿರ ಮಂದಿಗಿಂತ ಕಡಿಮೆ ಇರುವವನ್ನು ಬೇರೆಯಾಗಿ ತೋರಿಸುವುದಿಲ್ಲ. 1971ರಿಂದ ನಡೆದುಬಂದ ಪದ್ಧತಿ ಅದು. ಉಳಿದವನ್ನು ಒಂದೊಂದು ದೊಡ್ಡ ಹೆಸರಿನ ಕೆಳಗೆ ಕೂಡಿಸಿದರು. ಕೊನೆಗೆ ನಿಂತದ್ದು 121 ಭಾಷೆ. ಅದರಲ್ಲಿ 22 ಎಂಟನೇ ಅನುಸೂಚಿಯವು, 99 ಅನುಸೂಚಿಯ ಹೊರಗಿನವು. ತುಳು ಈ 99ರಲ್ಲಿದೆ, ಕೊಡವ ಭಾಷೆಯೂ ಇದೆ. ಸ್ವಂತ ಬಾಗಿಲು ಇದ್ದಂತೆ. ಲಂಬಾಣಿ ಅಲ್ಲಿಲ್ಲ.

ಹಿಂದಿ ಎಂಬ ದೊಡ್ಡ ಹೆಸರಿನ ಕೆಳಗೆ 2011ರಲ್ಲಿ 52 ಕೋಟಿ 83 ಲಕ್ಷ ಜನರನ್ನು ತೋರಿಸಿದ್ದಾರೆ. ಅವರಲ್ಲಿ "ನನ್ನ ಮಾತೃಭಾಷೆ ಹಿಂದಿ" ಎಂದು ತಾವಾಗಿ ಬರೆಸಿದವರು 32 ಕೋಟಿ 22 ಲಕ್ಷ. ಉಳಿದ ಇಪ್ಪತ್ತು ಕೋಟಿಗೂ ಹೆಚ್ಚು ಜನ ಬೇರೆ ಬೇರೆ ಹೆಸರು ಬರೆಸಿದವರು. ಭೋಜಪುರಿಯವರೇ 5 ಕೋಟಿ ದಾಟುತ್ತಾರೆ. ರಾಜಸ್ಥಾನಿಯವರು ಎರಡೂವರೆ ಕೋಟಿಯ ಮೇಲೆ. ಗಢವಾಲಿ, ಕುಮಾಊನಿ, ಕುಲ್ಲೂ ಕಣಿವೆಯ ಕುಳವಿ, ಹಿಮಾಲಯದ ಇಳಿಜಾರುಗಳಲ್ಲಿ ಎಮ್ಮೆ ಮೇಯಿಸಿಕೊಂಡು ಓಡಾಡುವ ಗುಜ್ಜರರ ಗೋಜರಿ, ನಾನು ಆಗ ಹೇಳಿದ ಭದರ್‌ವಾಹಿ, ಎಲ್ಲವೂ ಆ ಪಟ್ಟಿಯಲ್ಲಿವೆ. ಅದೇ ಪಟ್ಟಿಯಲ್ಲಿ ಲಮಾಣಿ ಅಥವಾ ಲಂಬಾಡಿ ಎಂದು ಬರೆಸಿದ 32 ಲಕ್ಷ 76 ಸಾವಿರ ಜನ, ಬಂಜಾರಿ ಎಂದು ಬರೆಸಿದ 15 ಲಕ್ಷ 81 ಸಾವಿರ ಜನ. ಸುಗಾಲಿ ಎಂಬ ಹೆಸರು ಮತ್ತೆ ಬೇರೆ ಸಾಲಿನಲ್ಲಿ. ಒಂದೇ ಮಾತು ಹಲವು ಹೆಸರಿನಲ್ಲಿ ಹಂಚಿಹೋಗಿದೆ, ಎಲ್ಲವೂ ಹಿಂದಿಯ ಹೊಟ್ಟೆಯಲ್ಲಿವೆ. ಮೊದಲ ಎರಡನ್ನು ಕೂಡಿಸಿದರೇ 48 ಲಕ್ಷ ದಾಟುತ್ತದೆ. ಎಂಟನೇ ಅನುಸೂಚಿಯಲ್ಲಿರುವ ಕೊಂಕಣಿಯನ್ನು ಅದೇ ಗಣತಿಯಲ್ಲಿ ಬರೆಸಿದವರು 22 ಲಕ್ಷ ಚಿಲ್ಲರೆ.

ಇನ್ನು ಆ "ಛು", "ಛ" ವಿಚಾರ. ನೇಪಾಳಿಯಲ್ಲಿ ಅದು ಇದೆ, ಕುಮಾಊನಿಯಲ್ಲಿದೆ, ಲಂಬಾಣಿಯಲ್ಲಿದೆ. ಹಿಂದಿಯಲ್ಲಿ ಇಲ್ಲ, ಅಲ್ಲಿ "ಹೂಂ", "ಹೈ". ಹೀಗಿದ್ದೂ ನೇಪಾಳಿ 1992ರಿಂದ ಎಂಟನೇ ಅನುಸೂಚಿಯ ಸ್ವತಂತ್ರ ಭಾಷೆ, ಕುಮಾಊನಿ ಮತ್ತು ಲಂಬಾಣಿ ಹಿಂದಿಯ ಒಳಗೆ. ಇದನ್ನು ಕೇಳಿ ಲಂಬಾಣಿಯೂ ನೇಪಾಳಿಯೂ ಅಕ್ಕತಂಗಿಯರು ಎಂದು ಯಾರೂ ತೀರ್ಮಾನಿಸಬೇಡಿ. ಈ "ಛ" ಗುಜರಾತಿಯಲ್ಲೂ ಇದೆ, ಮೈಥಿಲಿಯಲ್ಲೂ ಇದೆ, ಕಾಶ್ಮೀರಿಯಲ್ಲೂ ಇದೆ. ಒಂದು ಕ್ರಿಯಾಪದ ಹಿಡಿದು ಕುಲ ಹೇಳಲು ಆಗುವುದಿಲ್ಲ. ಆದರೆ ರಾಜಸ್ಥಾನಿಗೂ ಪಹಾಡಿಗೂ ಹಲವು ಹೋಲಿಕೆಗಳಿವೆ ಎಂಬುದನ್ನು ಗ್ರಿಯರ್‌ಸನ್ನರೇ ಗಮನಿಸಿದ್ದರು. ಗುಜ್ಜರರ ವಲಸೆಯೇ ಅದಕ್ಕೆ ಕಾರಣ ಎಂಬುದು ಅವರ ಊಹೆ. ಆ ಊಹೆಯನ್ನು ಎಲ್ಲರೂ ಒಪ್ಪುವುದಿಲ್ಲ. ಅವರ ಸರ್ವೇಯ ಒಂಬತ್ತನೇ ಸಂಪುಟದ ಮೂರನೇ ಭಾಗದಲ್ಲಿ ಬಂಜಾರಿ ಇದೆ, ನಾಲ್ಕನೇ ಭಾಗದಲ್ಲಿ ಪಹಾಡಿ ಮತ್ತು ಗುಜ್ಜರರ ಮಾತು. ಎತ್ತಿನ ಹಿಂದೆ ದಕ್ಷಿಣಕ್ಕೆ ಬಂದ ಲಂಬಾಣಿಗರೂ ಎಮ್ಮೆಯ ಹಿಂದೆ ಬೆಟ್ಟ ಹತ್ತಿದ ಗುಜ್ಜರರೂ ಪುಸ್ತಕದಲ್ಲಿ ಹಾಗೆ ಅಕ್ಕಪಕ್ಕ ಸಿಕ್ಕಿದ್ದಾರೆ.

ಇದರಲ್ಲಿ ನಮ್ಮ ಜಿಲ್ಲೆಯ ಮಟ್ಟಿಗೆ ಒಂದು ಕೊರತೆಯಿದೆ. ಗ್ರಿಯರ್‌ಸನ್ನರ ಸರ್ವೇ ಮೈಸೂರು ಸಂಸ್ಥಾನದೊಳಗೆ ಕಾಲಿಡಲೇ ಇಲ್ಲ. ಮದರಾಸು ಪ್ರಾಂತ, ಹೈದರಾಬಾದು ಕೂಡ ಹೊರಗೇ ಉಳಿದವು. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ ಸೀಮೆಯ ತಾಂಡಾಗಳ ಒಂದು ಮಾತೂ ಅದರಲ್ಲಿಲ್ಲ. ಉತ್ತರದ ಮಾದರಿಗಳನ್ನು ನೋಡಿ ಅವರು ಲಂಬಾಣಿ ರಾಜಸ್ಥಾನಿಯ ಕಡೆಯದು, ಗುಜರಾತಿಯ ಸೋಂಕೂ ಇದೆ ಎಂದರು. ಅಷ್ಟು ಸರಿ. 1970ರಲ್ಲಿ ರೊನಾಲ್ಡ್ ಟ್ರೇಲ್ ಎಂಬವರು ಲಮಾಣಿಗೆ ಒಂದು ವ್ಯಾಕರಣ ಬರೆದರು. ಮುಂದಿನ ಕೆಲಸ ನಮ್ಮ ವಿಶ್ವವಿದ್ಯಾಲಯಗಳು ಮಾಡಬೇಕಾದದ್ದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದ ಬೈಕು ಹತ್ತಿದರೆ ತಾಂಡಾ ಸಿಗಲು ಬಹಳ ದೂರ ಹೋಗಬೇಕಿಲ್ಲ.

ಲಂಬಾಣಿಗರು ಇಲ್ಲಿಗೆ ಬಂದದ್ದು ಹೇಗೆ? ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ತಿರುಗುತ್ತಿದ್ದ ವ್ಯಾಪಾರಿಗಳು ಇವರು. ಮೊಘಲರ ದಂಡು ದಖ್ಖನಿಗೆ ಇಳಿದಾಗ ಅದರ ಹೊಟ್ಟೆ ತುಂಬಿಸಿದ್ದು ಇವರ ಎತ್ತುಗಳ ಹಿಂಡು. 1791–92ರಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣದ ಮೇಲೆ ಬಂದ ಕಾರ್ನ್‌ವಾಲಿಸನ ಸೈನ್ಯವೂ ಇವರ ದವಸವನ್ನೇ ನೆಚ್ಚಿಕೊಂಡಿತ್ತು; ಇಂಗ್ಲಿಷ್ ಕಾಗದಪತ್ರಗಳಲ್ಲಿ "ಬ್ರಿಂಜಾರಿ" ಎಂಬ ಹೆಸರು ಹೆಜ್ಜೆಹೆಜ್ಜೆಗೂ ಬರುತ್ತದೆ. ಆಮೇಲೆ ರಸ್ತೆ ಬಂತು, ರೈಲು ಬಂತು, ಎತ್ತಿನ ಹೇರಿಗೆ ಕೆಲಸವಿಲ್ಲದಾಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಹಣೆಪಟ್ಟಿ ಬೇರೆ ಹಲವೆಡೆ ಇವರಿಗೆ ಅಂಟಿತು. ಅಲೆಯುತ್ತಿದ್ದವರು ಕಾಡಂಚಿನಲ್ಲಿ ತಾಂಡಾ ಕಟ್ಟಿ ನಿಂತರು. ನಿಂತ ಕಡೆಯ ಭಾಷೆ ಕಲಿತರು, ಮನೆಯೊಳಗಿನ ಮಾತನ್ನು ಬಿಡಲಿಲ್ಲ.

ಬಿಡಲಿಲ್ಲ ಎಂಬುದನ್ನು ಕಣ್ಣಾರೆ ನೋಡಬೇಕಾದರೆ ಫೆಬ್ರುವರಿಯಲ್ಲಿ ಸೂರಗೊಂಡನಕೊಪ್ಪಕ್ಕೆ ಹೋಗಬೇಕು. ಸಂತ ಸೇವಾಲಾಲರು ಹುಟ್ಟಿದ ಸ್ಥಳ ಎಂದು ಬಂಜಾರರು ಭಕ್ತಿಯಿಂದ ನಡೆದುಕೊಳ್ಳುವ ಊರು ಅದು. ಈಗ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿದೆ. 1997ರ ತನಕ ಶಿವಮೊಗ್ಗ ಜಿಲ್ಲೆಯದೇ ಆಗಿತ್ತು. ಜಯಂತಿಯ ಹೊತ್ತಿಗೆ ಮಾಲೆ ಧರಿಸಿದ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಬಸ್ಸು, ಜೀಪು, ಟೆಂಪೋಗಳ ಮೇಲೆ ಕನ್ನಡದ ಬರಹ, ತೆಲುಗಿನ ಬರಹ, ಮರಾಠಿಯ ಬರಹ. ಇಳಿದ ಹೆಂಗಸರ ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆಗಳ ಕಸೂತಿಯಲ್ಲಿ ಅಷ್ಟಿಷ್ಟು ವ್ಯತ್ಯಾಸ. ಅಡುಗೆ ಒಲೆಯ ಸುತ್ತ ಕೂತಾಗ ಮಾತ್ರ ಮಹಾರಾಷ್ಟ್ರದ ಯಾಡಿಗೂ ನಮ್ಮ ಶಿಕಾರಿಪುರದ ಯಾಡಿಗೂ ನಡುವೆ ದುಭಾಷಿ ಬೇಕಾಗುವುದಿಲ್ಲ. ಯಾಡಿ ಎಂದರೆ ತಾಯಿ. ಏನು ಎನ್ನಲು "ಕಾಂಯಿ", ರೊಟ್ಟಿಗೆ "ಬಾಟಿ", ನನ್ನದು ಎನ್ನಲು "ಮಾರೊ", ನಿನ್ನದು ಎನ್ನಲು "ತಾರೊ". ಮೂರು ರಾಜ್ಯಗಳಲ್ಲಿ ಮೂರು ಲಿಪಿಯಲ್ಲಿ ಬರೆದರೂ ಕಿವಿಗೆ ಅದು ಒಂದೇ ಭಾಷೆ. ಹಿಂದಿ ಮಾತ್ರ ಬಲ್ಲ ಲಖನೌದ ಒಬ್ಬರನ್ನು ಅಲ್ಲಿ ಕೂರಿಸಿದರೆ ಅಲ್ಲೊಂದು ಇಲ್ಲೊಂದು ಪದ ಹಿಡಿದಾರು, ಹರಟೆಯಲ್ಲಿ ಸೇರಲಾರರು.

ಹಿಂದಿಗೂ ಲಂಬಾಣಿಗೂ ಸದ್ದಿನಲ್ಲೂ ಅಂತರವಿದೆ, ನಮ್ಮ ಬಡಾವಣೆಯ ಹೆಸರನ್ನೇ ನೋಡಿ. ಉತ್ತರದಿಂದ ವರ್ಗವಾಗಿ ಬಂದ ಅಧಿಕಾರಿಗಳು ಎಷ್ಟು ವರ್ಷವಿದ್ದರೂ "ಗೋಪಾಲ" ಎನ್ನುತ್ತಾರೆ, ಳಕಾರ ಅವರ ನಾಲಗೆಗೆ ಹತ್ತುವುದಿಲ್ಲ. ಗಾರೆ ಕೆಲಸದ ಆ ಹೆಂಗಸಿಗೆ ಅದರ ತೊಂದರೆಯಿಲ್ಲ. ಕನ್ನಡ ಬಲ್ಲವರು, ಅದರಲ್ಲೇನು ಎನ್ನಬಹುದು. ಆದರೆ ಅವರ ಮನೆಮಾತಿನಲ್ಲೇ ಳ ಇದೆ. ಕಪ್ಪಗಿರುವುದಕ್ಕೆ ಹಿಂದಿ "ಕಾಲಾ" ಎಂದರೆ ಲಂಬಾಣಿ "ಕಾಳೊ" ಎನ್ನುತ್ತದೆ, ರಾಜಸ್ಥಾನಿಯ ಹಾಗೆ. ಲಂಬಾಣಿಯನ್ನು ಯಾವ ಲಿಪಿಯಲ್ಲಿ ಬರೆಯಬೇಕು ಎಂಬ ಜಗಳವೂ ಇದೆ, ಅದರಲ್ಲಿ ನಾನು ಕನ್ನಡದ ಪರ. ದೇವನಾಗರಿಯಲ್ಲಿ ಬರೆದರೆ ದೇಶದ ಬಂಜಾರರೆಲ್ಲ ಒಂದಾಗಬಹುದು, ಎಂಟನೇ ಅನುಸೂಚಿಯ ಬೇಡಿಕೆಗೂ ಬಲ ಬರುತ್ತದೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ದೇವನಾಗರಿಗೂ ಳ ಬರೆಯಲು ಬರುತ್ತದೆ, ಮರಾಠಿಯವರು ಬರೆಯುವುದಿಲ್ಲವೇ. ಆದರೆ ದೇವನಾಗರಿ ತೊಟ್ಟ ಕೂಡಲೇ "ನೋಡಿ, ಇದು ಹಿಂದಿಯೇ" ಎನ್ನುವವರಿಗೆ ಇನ್ನೊಂದು ಸಾಕ್ಷಿ ಸಿಕ್ಕಿದಂತಾಗುತ್ತದೆ. ಮೇಲಾಗಿ ಇಲ್ಲಿನ ತಾಂಡಾದ ಮಗು ಮೊದಲು ಕಲಿಯುವುದು ಕನ್ನಡ ಅಕ್ಷರ. ಅದರಲ್ಲೇ ಯಾಡಿ ಎಂದು ಬರೆಯಲಿ.

ಹಿಂದಿಯನ್ನು ಬೈದು ಚಪ್ಪಾಳೆ ಗಿಟ್ಟಿಸುವುದು ಸುಲಭ. ಅದು ನನ್ನ ಉದ್ದೇಶವಲ್ಲ. ನಮ್ಮ ಮನೆಯ ಕಡೆಗೂ ಒಮ್ಮೆ ತಿರುಗೋಣ. ಅದೇ ಜನಗಣತಿಯಲ್ಲಿ ಕನ್ನಡದ ಕೆಳಗೆ ಯಾರಿದ್ದಾರೆ? ನೀಲಗಿರಿಯ ಬಡಗರು, 1 ಲಕ್ಷ 33 ಸಾವಿರ ಮಂದಿ. ಬಡಗ ಭಾಷೆ ಹಿಂದೊಮ್ಮೆ ಕನ್ನಡದಿಂದ ಕವಲೊಡೆದದ್ದೇ ಇರಬಹುದು. ಇಂದು ಅದು ಬೇರೆಯೇ ಭಾಷೆ ಎಂದು ಅದನ್ನು ಅಭ್ಯಾಸ ಮಾಡಿದ ವಿದ್ವಾಂಸರಲ್ಲಿ ಹಲವರು ಹೇಳುತ್ತಾರೆ, ಬಡಗರೂ ಹಾಗೇ ಹೇಳುತ್ತಾರೆ. ನಾವು ಕೇಳಿಸಿಕೊಂಡಿದ್ದೇವೆಯೇ? ತಮಿಳಿನ ಕೆಳಗೆ ಇರುಳರಿದ್ದಾರೆ, ಕೊರವರಿದ್ದಾರೆ. ದೊಡ್ಡ ಭಾಷೆಗಳೆಲ್ಲ ಈ ಕೆಲಸ ಮಾಡಿವೆ. ಹಿಂದಿ ಹೆಚ್ಚು ಮಾಡಿದೆ, ಅಷ್ಟೇ.

ಹಾಗಾದರೆ ಸಾಗರ ಸೀಮೆಯ ಹವಿಗನ್ನಡವನ್ನೂ ಬೇರೆ ಭಾಷೆ ಎನ್ನಬೇಕೇ ಎಂದು ಯಾರಾದರೂ ಕೇಳಿಯಾರು. ಹವ್ಯಕರ ಮಾತು ಹೊರಗಿನವರಿಗೆ ತಟ್ಟನೆ ಅರ್ಥವಾಗದು ನಿಜ. ಆದರೆ ಹವ್ಯಕರು ಓದುವುದು, ಬರೆಯುವುದು, ಯಕ್ಷಗಾನ ಕುಣಿಯುವುದು ಕನ್ನಡದಲ್ಲಿ, ಮತ್ತು ಅದನ್ನು ತಮ್ಮದೇ ಎಂದು ಎಣಿಸುತ್ತಾರೆ. ಭಾಷೆ ಯಾವುದು ಉಪಭಾಷೆ ಯಾವುದು ಎಂದು ಅಳೆಯಲು ವ್ಯಾಕರಣ ಬೇಕು, ಪರಸ್ಪರ ತಿಳಿಯುತ್ತದೆಯೇ ಎಂದು ನೋಡಬೇಕು. ಅಲ್ಲಿಗೆ ಮುಗಿಯುವುದಿಲ್ಲ. ಆಡುವವರು ತಮ್ಮ ಮಾತನ್ನು ಯಾರ ಜೊತೆಗೆ ಸೇರಿಸಿಕೊಳ್ಳುತ್ತಾರೆ ಎಂಬುದೂ ತೂಕಕ್ಕೆ ಬರಬೇಕು. ಕೊಂಕಣಿಯನ್ನು ಮರಾಠಿಯ ಉಪಭಾಷೆ ಎಂದು ಎಷ್ಟು ಕಾಲ ವಾದಿಸಿದರು! ಆಡುವವರು ಒಪ್ಪಲಿಲ್ಲ. 1975ರಲ್ಲಿ ಸಾಹಿತ್ಯ ಅಕಾಡೆಮಿ ಮನ್ನಿಸಿತು, 1992ರಲ್ಲಿ ಸಂವಿಧಾನ ಮನ್ನಿಸಿತು. ಆ ಹದಿನೇಳು ವರ್ಷದಲ್ಲಿ ಕೊಂಕಣಿಯ ವ್ಯಾಕರಣವೇನೂ ಬದಲಾಗಿರಲಿಲ್ಲ.

ಹೆಸರೇ ಇಲ್ಲದೆ ಉಳಿದವರೂ ನಮ್ಮ ಸುತ್ತ ಇದ್ದಾರೆ. ತುಂಗೆಯ ದಂಡೆಯ ಮತ್ತೂರಿಗೆ ದೇಶವಿದೇಶದ ಪತ್ರಕರ್ತರು ಬರುತ್ತಾರೆ, ಸಂಸ್ಕೃತ ಗ್ರಾಮ ಎಂದು ಬೆರಗಾಗಿ ಬರೆಯುತ್ತಾರೆ. ಆದರೆ ಮತ್ತೂರಿನ, ಅದರ ಹತ್ತಿರದ ಹೊಸಹಳ್ಳಿಯ ಸಂಕೇತಿಗಳು ಅಡುಗೆಮನೆಯಲ್ಲಿ ಆಡುವ ಮಾತು ಸಂಕೇತಿ. ಶತಮಾನಗಳ ಹಿಂದೆ ತೆಂಕಾಶಿ, ಸೆಂಗೊಟ್ಟೈ ಕಡೆಯಿಂದ ಹೊರಟು ಬಂದವರ ಮಾತು ಅದು. ತಮಿಳಿನ ಕವಲೆಂದು ಕೆಲವರು, ಮಲಯಾಳದ ಲಕ್ಷಣಗಳೇ ಎದ್ದು ಕಾಣುತ್ತವೆ ಎಂದು ಇನ್ನು ಕೆಲವರು. ನಡುವೆ ಕನ್ನಡ ಧಾರಾಳವಾಗಿ ಸೇರಿಕೊಂಡಿದೆ. ಜನಗಣತಿಯ ಪಟ್ಟಿಯಲ್ಲಿ ಸಂಕೇತಿ ಎಂಬ ಸಾಲೇ ಇಲ್ಲ. ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಕ್ಯಾಂಪುಗಳಲ್ಲಿ ಆಡುವ ವಾಗ್ರಿ ಗುಜರಾತಿಯ ಬಳಿಯದು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹತ್ತಿಕೊಂಡಾಗ ಗಿಡಮೂಲಿಕೆ ಮಾರಲು ಹೋಗಿ ಅಲ್ಲಿ ಸಿಕ್ಕಿಕೊಂಡ ಹಕ್ಕಿಪಿಕ್ಕಿಗಳ ಸುದ್ದಿಯನ್ನು ನೀವು ಓದಿದ್ದೀರಿ. ಆಫ್ರಿಕದ ತನಕ ಹೋಗಿಬಂದ ಜನ ಮನೆಯಲ್ಲಿ ಯಾವ ಮಾತಾಡುತ್ತಾರೆ ಎಂದು ನಾವು ಪಕ್ಕದೂರಿನವರೂ ಕೇಳಿಲ್ಲ.

ಹೆಸರು ಎಲ್ಲಿ ಬಿದ್ದರೇನು, ಮಾತು ಮಾತೇ ಅಲ್ಲವೇ ಎಂಬ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ಸಂವಿಧಾನದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಪಾಠದ ಅನುಕೂಲ ಮಾಡಿಕೊಡಿ ಎನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಐದನೇ ತರಗತಿಯ ತನಕ ಮನೆಮಾತು ಎನ್ನುತ್ತದೆ. ತಾಂಡಾದ ಮಗುವಿನ ಮಾತೃಭಾಷೆ ಹಿಂದಿ ಎಂದು ಕಡತ ಹೇಳಿದರೆ ಅನುಕೂಲ ಯಾವ ಭಾಷೆಯಲ್ಲಿ ಬರುತ್ತದೆ? ಮಗುವಿಗೆ ಬಾರದ ಭಾಷೆಯಲ್ಲಿ. ಕರ್ನಾಟಕದಲ್ಲಿ ಹಿಂದಿಯವರು ಇಷ್ಟು ಲಕ್ಷ ಇದ್ದಾರೆ ಎಂದು ಯಾರಾದರೂ ಅಂಕಿ ತೋರಿಸಿದಾಗ ಅದರಲ್ಲಿ ನಮ್ಮ ತಾಂಡಾಗಳ ಜನರೂ ಸೇರಿದ್ದಾರೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಎಲ್ಲ ತಾಂಡಾಗಳಲ್ಲೂ ಲಂಬಾಣಿಯಲ್ಲೇ ಪೂರ್ತಿ ಶಿಕ್ಷಣ ಕೊಡಿ ಎಂದು ನಾನು ಹೇಳುತ್ತಿಲ್ಲ. ತಾಂಡಾದ ತಾಯಂದಿರೂ ಅದನ್ನು ಕೇಳುತ್ತಿಲ್ಲ. ಅವರಿಗೆ ಮಕ್ಕಳು ಕನ್ನಡ, ಇಂಗ್ಲಿಷ್ ಚೆನ್ನಾಗಿ ಕಲಿಯಬೇಕು. ಅಂಗನವಾಡಿಯಲ್ಲಿ, ಒಂದನೇ ತರಗತಿಯಲ್ಲಿ ಮಗುವಿನ ಮಾತು ಬಲ್ಲ ಒಬ್ಬ ಟೀಚರ್ ಇದ್ದರೆ ಸಾಕು. "ಪಾಣಿ" ಎಂದು ಕೇಳಿದ ಮಗುವಿಗೆ "ನೀರು ಅನ್ನು" ಎಂದು ಗದರುವ ಮೊದಲು ನೀರು ಕೊಡುವ ಟೀಚರ್. ಅಂಥವರನ್ನು ನೇಮಿಸಬೇಕಾದರೆ ಯಾವ ತಾಲ್ಲೂಕಿನಲ್ಲಿ ಎಷ್ಟು ಲಂಬಾಣಿ ಮನೆಗಳಿವೆ ಎಂಬ ಸರಿಯಾದ ಲೆಕ್ಕ ಬೇಕು.

ಲೆಕ್ಕದ ಕಾಲ ಹತ್ತಿರ ಬಂದಿದೆ. 2011ರ ನಂತರ ತಪ್ಪಿಹೋಗಿದ್ದ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು ನಿಗದಿಯಾಗಿದೆ. ಹಿಮ ಬೀಳುವ ಪ್ರದೇಶಗಳಲ್ಲಿ, ಎಂದರೆ ಲಡಾಖ್, ಜಮ್ಮು-ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳ ಹಿಮದ ಭಾಗಗಳಲ್ಲಿ, ಅದಕ್ಕೂ ಮೊದಲೇ, 2026ರ ಅಕ್ಟೋಬರ್ 1ಕ್ಕೆ. ಹಿಮದ ಸೀಮೆಯವರ ಸರದಿ ಮೊದಲು, ನಮ್ಮದು ಆಮೇಲೆ. ಈ ಸಲ ಮೊಬೈಲಿನಲ್ಲಿ ದಾಖಲಿಸುತ್ತಾರೆ, ಬೇಕೆಂದರೆ ಮನೆಯವರೇ ತುಂಬಬಹುದು.

ಎಣಿಕೆದಾರರಾಗಿ ಹೋಗುವ ಮೇಷ್ಟ್ರುಗಳಿಗೆ, ಟೀಚರಮ್ಮಂದಿರಿಗೆ ಒಂದು ಮಾತು. ಮನೆಯವರು ಹೇಳಿದ ಭಾಷೆಯನ್ನು ಹೇಳಿದ ಹಾಗೆ ಬರೆದುಕೊಳ್ಳಬೇಕು, ಅದು ಇನ್ನೊಂದರ ಉಪಭಾಷೆಯೇ ಎಂದು ತೀರ್ಮಾನಿಸುವುದು ಎಣಿಕೆದಾರರ ಕೆಲಸವಲ್ಲ ಎಂಬುದು ಜನಗಣತಿಯ ಹಳೆಯ ಸೂಚನೆ. ಮಾತೃಭಾಷೆ ಬೇರೆ, ಬಲ್ಲ ಇತರ ಭಾಷೆಗಳು ಬೇರೆ. ಹಿಂದಿನ ನಮೂನೆಯಲ್ಲಿ ಎರಡಕ್ಕೂ ಪ್ರತ್ಯೇಕ ಪ್ರಶ್ನೆಗಳಿದ್ದವು. ಚೆನ್ನಾಗಿ ಕನ್ನಡ ಮಾತಾಡಿದರು ಎಂದು ಕೇಳದೆಯೇ ಕನ್ನಡ ಎಂದು ಬರೆದುಬಿಡಬೇಡಿ. ಒಬ್ಬ ಕನ್ನಡಿಗನಾಗಿಯೇ ಇದನ್ನು ಹೇಳುತ್ತಿದ್ದೇನೆ, ಕನ್ನಡಕ್ಕೆ ಇನ್ನೊಬ್ಬರ ತಾಯ್ನುಡಿಯಿಂದ ಸಂಖ್ಯೆ ಕೂಡಿಸಿಕೊಳ್ಳುವ ದರ್ದಿಲ್ಲ.

ತಾಂಡಾಗಳ ನಾಯಕ, ಡಾವೊ, ಕಾರಭಾರಿ ಎಂಬ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟು. ನೀವು ಲಂಬಾಣಿ ಎಂದು ಬರೆಸಿದರೂ ಅದನ್ನು ಮತ್ತೆ ಹಿಂದಿಯ ಕೆಳಗೇ ಕೂಡಿಸಬಹುದು. ಕೂಡಿಸಲಿ, ಆ ಪಟ್ಟಿಯಲ್ಲಿ ಲಂಬಾಣಿಯ ಸಾಲು ಬೇರೆಯಾಗಿ ಉಳಿಯುತ್ತದೆ, ನಾಳೆ ವಾದಿಸುವವರಿಗೆ ಕೈಯಲ್ಲಿ ಅಂಕಿ ಇರುತ್ತದೆ. ಹಿಂದಿ ಎಂದು ಬರೆಸಿದರೆ ಆ ಸಾಲೂ ಇಲ್ಲ. ಒಂದು ಮನೆಯವರು ಬಂಜಾರ, ಇನ್ನೊಂದು ಮನೆಯವರು ಲಮಾಣಿ, ಮತ್ತೊಬ್ಬರು ಗೋರ್ ಬೋಲಿ ಎಂದು ಬರೆಸಿದರೆ ನಿಮ್ಮ ಸಂಖ್ಯೆ ನಿಮ್ಮಲ್ಲೇ ಒಡೆಯುತ್ತದೆ. ಮೊದಲೇ ಕೂತು ಮಾತಾಡಿ ಒಂದು ಹೆಸರಿಗೆ ಬನ್ನಿ. ಎಣಿಕೆದಾರರು ಬಂದಾಗ ಅದನ್ನೇ ಹೇಳಿ, ಬರೆದದ್ದನ್ನು ಒಮ್ಮೆ ತೋರಿಸಿ ಎಂದು ಕೇಳಿ ನೋಡಿಕೊಳ್ಳಿ.